ಇಪ್ಪತ್ತನಾಲ್ಕು ಪೆಡಲುಗಳು

ಶನಿವಾರ ಬೆಳಿಗ್ಗೆ ಆರು ಗಂಟೆ. ಶೆಡ್ಡಿನ ಬಾಗಿಲು ತಳ್ಳಿದ ಅಂಚೆಯಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು.

ಸೈಕಲ್ಲುಗಳು ಇದ್ದವು. ಎಣಿಸಿದರು. ಹನ್ನೆರಡಕ್ಕೆ ಹನ್ನೆರಡೂ ಇದ್ದವು. ಬೆಲ್ ಇತ್ತು, ಸೀಟಿತ್ತು, ಗಾಳಿ ಹೊಡೆಯುವ ಪಂಪಿತ್ತು. ಮಕ್ಕಳ ಹೆಲ್ಮೆಟ್ಟುಗಳು ಗೋಡೆಯ ಮೊಳೆಗಳಲ್ಲಿ ಸಾಲಾಗಿ ನೇತಾಡುತ್ತಿದ್ದವು. ಪೆಡಲುಗಳು ಮಾತ್ರ ಇರಲಿಲ್ಲ. ಒಂದೂ ಇರಲಿಲ್ಲ.

"ಅಯ್ಯೋ ದೇವರೇ," ಎಂದರು. ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಇನ್ನೊಂದು ಮಾತನ್ನೂ ಅಂದರು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಇದು ಮಕ್ಕಳ ಕ್ಲಬ್ಬಿನ ಕಥೆ.

ಅಂಚೆಯಮ್ಮ ಮೂವತ್ತನಾಲ್ಕು ವರ್ಷ ಸೈಕಲ್ಲಿನ ಮೇಲೆ ಕಾಗದ ಹಂಚಿದವರು. ನಿವೃತ್ತರಾದ ಮೇಲೆ ಕೈಕಟ್ಟಿ ಕೂರಲಾಗದೆ, ಗ್ರಂಥಾಲಯದ ಹಿಂದಿನ ಅಂಗಳದಲ್ಲಿ ಶನಿವಾರ ಭಾನುವಾರ ಬೆಳಿಗ್ಗೆ ಪುಟ್ಟ ಮಕ್ಕಳಿಗೆ ಸೈಕಲ್ ಕಲಿಸುತ್ತಿದ್ದರು. ಅವರ ಕ್ರಮವೇ ಬೇರೆ. ಮೊದಲು ಪೆಡಲ್ ಬಿಚ್ಚಿಡುವುದು. ಮಕ್ಕಳು ಎರಡು ತಿಂಗಳು ಕಾಲಲ್ಲಿ ನೆಲ ಒದ್ದುಕೊಂಡು, ತೇಲಿಕೊಂಡು ಓಡಾಡಬೇಕು. ತೂಕ ಹಿಡಿಯುವುದು ಬಂದ ಮೇಲೇ ಪೆಡಲ್. ಆ ದಿನಕ್ಕೆ ಮಕ್ಕಳು ಬೆರಳೆಣಿಸಿ ಕಾಯುತ್ತಿದ್ದವು. ಆ ದಿನ ಇವತ್ತು.

ಅಷ್ಟೇ ಆಗಿದ್ದರೆ ಮುಂದಿನ ವಾರ ನೋಡೋಣ ಅನ್ನಬಹುದಿತ್ತು. ಆದರೆ ನಾಳೆ, ಭಾನುವಾರ ಎಂಟು ಗಂಟೆಗೆ ಆಫೀಸರಮ್ಮ ಬರುವವರಿದ್ದರು. ಊರಿನ ಮೈದಾನಗಳೆಲ್ಲ ಅವರ ಕೈಯಲ್ಲಿ. ಈ ಅಂಗಳವನ್ನು ಕ್ಲಬ್ಬಿಗೆ ಕೊಟ್ಟಿದ್ದು ಮೂರು ತಿಂಗಳ ಮಟ್ಟಿಗೆ. ಮಕ್ಕಳು ಪೆಡಲ್ ತುಳಿಯುವುದನ್ನು ಕಣ್ಣಾರೆ ನೋಡಿ, ಎಲ್ಲವೂ ಸುರಕ್ಷಿತ ಅನ್ನಿಸಿದರೆ ಸಹಿ. ಇಲ್ಲದಿದ್ದರೆ ಸೋಮವಾರದಿಂದ ಅಂಗಳ ಕಾರು ನಿಲ್ಲಿಸಲು ಹೋಗುತ್ತದೆ.

ನಿನ್ನೆ ಸಂಜೆ ಅಂಚೆಯಮ್ಮ ಖುದ್ದಾಗಿ ಬಂದು ಇಣುಕಿ ನೋಡಿದ್ದರು. ಇವತ್ತಿಗೆಂದು ಜೋಡಿಸಿದ ಇಪ್ಪತ್ತನಾಲ್ಕು ಪೆಡಲೂ ಜಾಗದಲ್ಲಿದ್ದವು. ಈಗಿಲ್ಲ.

ಬೀಗ ಒಡೆದಿರಲಿಲ್ಲ. ಒಡೆಯುವ ಅಗತ್ಯವೂ ಇರಲಿಲ್ಲ. ಅದು ನಂಬರ್ ಬೀಗ. ನಂಬರು ಯಾರಿಗೂ ನೆನಪಿರುವುದಿಲ್ಲವೆಂದು ಯಾರೋ ಪುಣ್ಯಾತ್ಮರು ಅದನ್ನು ಬಾಗಿಲ ಮೇಲೇ ಸೀಮೆಸುಣ್ಣದಲ್ಲಿ ಬರೆದಿದ್ದರು.

ಅಂಚೆಯಮ್ಮ ಮಂಡಿಯೂರಿ ಕೂತರು. ವಿಳಾಸ ಅಳಿಸಿಹೋದ ಕಾಗದವನ್ನೂ ಮನೆ ಮುಟ್ಟಿಸಿದ ಕಣ್ಣು ಅವರದು. ಮೂರು ಸಂಗತಿ ಕಂಡವು.

ಒಂದು. ಲೋಕದ ತಿರುಪುಗಳೆಲ್ಲ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಸೈಕಲ್ಲಿನ ಎಡಗಡೆ ಪೆಡಲ್ ಮಾತ್ರ ಬಲಕ್ಕೆ ತಿರುಗಿಸಿದರೆ ಬಿಚ್ಚುವುದು. ಗೊತ್ತಿಲ್ಲದವನು ಕೈ ಹಾಕಿದ್ದರೆ ಬಿಚ್ಚುವ ಬದಲು ಬಿಗಿಮಾಡಿ, ತಿರುಪು ಬಿಗಿಯುವ ಪಾನಾ ಜಾರಿಸಿ, ಎಲ್ಲೆಲ್ಲೂ ಗೀಚಿಹಾಕಿರುತ್ತಿದ್ದ. ಇಲ್ಲಿ ಒಂದು ಗೀರೂ ಇರಲಿಲ್ಲ.

ಎರಡು. ಪೆಡಲ್ ಕೂರುವ ತೋಳಿಗೆ ಕ್ರ್ಯಾಂಕ್ ಅನ್ನುತ್ತಾರೆ. ಅದರ ತೂತುಗಳಿಗೆಲ್ಲ ಹಳೇ ಟವೆಲ್ಲಿನ ಚೂರು ಸುರುಳಿ ಸುತ್ತಿ ತುರುಕಲಾಗಿತ್ತು. ಇಪ್ಪತ್ತನಾಲ್ಕು ತೂತು, ಇಪ್ಪತ್ತನಾಲ್ಕು ಸುರುಳಿ.

ಮೂರು. ನಾಲ್ಕು, ಏಳು, ಒಂಬತ್ತನೇ ನಂಬರಿನ ಸೈಕಲ್ಲುಗಳ ಕೆಳಗೆ, ಎರಡೂ ಬದಿಗೆ, ಲೋಹದ ಸಣ್ಣ ಸಣ್ಣ ಚೂರು. ಬೆಳ್ಳಗೆ ಮಿನುಗುತ್ತಿದ್ದವು. ಉಳಿದ ಒಂಬತ್ತರ ಕೆಳಗೆ ಏನೂ ಇಲ್ಲ.

ಅಂಚೆಯಮ್ಮ ಚೂರುಗಳನ್ನು ಒಂದು ಹಳೇ ಲಕೋಟೆಗೆ ಹಾಕಿಕೊಂಡರು. ಅಭ್ಯಾಸಬಲ.

*

ಏಳಕ್ಕೆ ಮಕ್ಕಳು ಬಂದವು. ಗಲಾಟೆಯೋ ಗಲಾಟೆ.

"ಪೊಲೀಸರಿಗೆ ಹೇಳೋಣ," ಅಂದರು ಬಸ್ ಓಡಿಸುವ ಹೆಂಗಸು. ಅವರ ಮಗಳೇ ಕ್ಲಬ್ಬಿನ ಅತಿ ಚಿಕ್ಕ ಸದಸ್ಯೆ, ಎಲ್ಲರ ಬಾಯಲ್ಲಿ ಗುಬ್ಬಿ.

"ಹೇಳಿದ್ರೆ ಇಲ್ಲಿ ಕಳ್ಳತನ ಆಗತ್ತೆ, ಭದ್ರತೆ ಇಲ್ಲ ಅಂತ ಆಫೀಸರಮ್ಮ ಇವತ್ತೇ ಬಾಗಿಲು ಮುಚ್ಚಿಸ್ತಾರೆ. ನಾಳೆ ಬೆಳಿಗ್ಗೆವರೆಗೂ ನನಗೆ ಬಿಡಿ," ಅಂದರು ಅಂಚೆಯಮ್ಮ.

ಮೂಲೆಯಲ್ಲಿ ಪಂಚರ್ ತಾತ ತಮ್ಮ ಪೆಟ್ಟಿಗೆ ಬಿಚ್ಚದೇ ಕೂತಿದ್ದರು. ಎಪ್ಪತ್ತು ದಾಟಿದವರು. ಐವತ್ತು ವರ್ಷ ಇದೇ ಬೀದಿಯಲ್ಲಿ ಸೈಕಲ್ ರಿಪೇರಿ. ಹೆಂಡತಿ ಹೋಗಿ, ಅಂಗಡಿಗೆ ಬರುವವರು ಕಡಿಮೆಯಾದ ಮೇಲೆ ಅವರ ವಾರಕ್ಕೆ ಎರಡೇ ದಿನ, ಶನಿವಾರ ಮತ್ತು ಭಾನುವಾರ. ಉಳಿದ ಐದು ದಿನ ಈ ಎರಡಕ್ಕೆ ಕಾಯುವುದು. ನಿನ್ನೆ ಮಧ್ಯಾಹ್ನವೆಲ್ಲ ಕೂತು ಪೆಡಲ್ ಜೋಡಿಸಿದ್ದು ಅವರೇ. ಪಾಪ, ಮುಖ ಬಾಡಿಹೋಗಿತ್ತು.

ಬಸ್ಸಿನಮ್ಮ ಫ್ಲಾಸ್ಕಿನಿಂದ ಚಹಾ ಸುರಿದು ಇಬ್ಬರಿಗೂ ಸ್ಟೀಲ್ ಲೋಟ ಕೊಟ್ಟರು. ಅಂಚೆಯಮ್ಮ "ಸ್ಸ್!" ಅಂತ ಈ ಕೈಯಿಂದ ಆ ಕೈಗೆ ಬದಲಾಯಿಸಿ ಕೊನೆಗೆ ಕರ್ಚೀಫ್ ಸುತ್ತಿ ಹಿಡಿದರು. ಪಂಚರ್ ತಾತ ಲೋಟವನ್ನು ಅಂಗೈ ತುಂಬ ಹಿಡಿದು, ನೆಲ ನೋಡುತ್ತಾ ಕೂತೇ ಇದ್ದರು. ದುಡಿದ ಕೈ, ಕಲ್ಲಿನಂಥದ್ದು ಅಂದುಕೊಂಡರು ಅಂಚೆಯಮ್ಮ.

"ಅಣ್ಣ, ಮೇಲಿನ ಮನೆ ಪಿಟೀಲು ಮೇಷ್ಟ್ರ ಕೆಲಸ ಇರಬಹುದಾ? ಬೆಲ್ ಸದ್ದಿಗೆ ತಲೆ ಕೆಟ್ಟಿದೆ ಅಂತ ಎರಡು ಸಲ ಪತ್ರ ಬರೆದಿದ್ದಾರೆ."

"ಅವರಲ್ಲ ಬಿಡು ತಂಗಿ," ಅಂದರು ತಾತ ತಟ್ಟನೆ.

"ನಿಮಗೆ ಹೇಗೆ ಗೊತ್ತು?"

"ಹಂಗೇ ಅಂದೆ. ಒಳ್ಳೇವ್ರು ಅವರು."

ಅಷ್ಟರಲ್ಲಿ ಯಾರೋ ಅಂಚೆಯಮ್ಮನ ಅಂಗಿ ಜಗ್ಗಿದರು. ಗುಬ್ಬಿ.

"ಅಂಚೆ ಅಜ್ಜಿ, ನಾನೇ ಕಳ್ಳಿ."

"ಏನಂದೆ?"

"ನಂಗೆ ಪೆಡಲ್ ಅಂದ್ರೆ ಭಯ. ಪೆಡಲ್ ಎಲ್ಲಾ ಹೋಗ್ಲಿ ಅಂತ ನಿನ್ನೆ ಬೇಡ್ಕೊಂಡೆ. ಎಲ್ಲಾ ಹೋಗ್ಬಿಡ್ತು." ಗೋಳೋ ಅಂತ ಅಳು ಶುರು.

ಅಂಚೆಯಮ್ಮ ನಗು ಹಲ್ಲಲ್ಲಿ ಕಚ್ಚಿ ಹಿಡಿದು, ಅವಳನ್ನು ಎತ್ತಿಕೊಂಡು, ಬೇಡಿಕೊಂಡ ಮಾತ್ರಕ್ಕೆ ಪೆಡಲಿಗೆ ರೆಕ್ಕೆ ಬರುವುದಿಲ್ಲವೆಂದು ತಿಳಿಹೇಳಿದರು. ಪಂಚರ್ ತಾತ ಮಾತ್ರ ಎದ್ದು ಗೋಡೆಯ ಕಡೆ ತಿರುಗಿ ನಿಂತರು. ಮಗು ಅತ್ತರೆ ಅವರಿಗೆ ಎಂದೂ ತಡೆಯದು.

ಅವತ್ತೂ ಮಕ್ಕಳು ಪೆಡಲಿಲ್ಲದೆ ತೇಲಿಕೊಂಡೇ ಓಡಾಡಿದವು. ಮುಖ ಮಾತ್ರ ಎಲ್ಲರದೂ ಊದಿಕೊಂಡಿತ್ತು.

*

ಪಿಟೀಲು ಮೇಷ್ಟ್ರು ಬಾಗಿಲು ತೆಗೆದರು. ಒಂದು ಕೈಯಲ್ಲಿ ಪಿಟೀಲು, ಇನ್ನೊಂದರಲ್ಲಿ ಕಮಾನು.

"ಪೆಡಲು ನಾನ್ಯಾಕ್ರೀ ಕದೀಲಿ? ಕದಿಯೋದಾದ್ರೆ ಬೆಲ್ ಕದೀತಿದ್ದೆ."

ಮಾತು ನ್ಯಾಯವಾಗಿಯೇ ಇತ್ತು.

"ನನ್ನ ತಕರಾರು ಸದ್ದಿನದ್ದಲ್ಲ. ಹನ್ನೆರಡು ಬೆಲ್ಲಲ್ಲಿ ಒಂದಾದ್ರೂ ಶ್ರುತಿಯಲ್ಲಿ ಇರಬೇಡ್ವೇ? ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದೀನಿ. ನೀವು ಓದೋದೇ ಇಲ್ಲ."

"ಮೂವತ್ತನಾಲ್ಕು ವರ್ಷ ಬೇರೆಯವರ ಪತ್ರ ಓದದೇ ಇದ್ದು ಅಭ್ಯಾಸ ಮೇಷ್ಟ್ರೇ. ಇವತ್ತು ಬೆಳಿಗ್ಗೆ ಏನಾದ್ರೂ ಕೇಳಿಸ್ತಾ?"

ಮೇಷ್ಟ್ರು ಕಿಟಕಿಯ ಹತ್ತಿರ ಹೋದರು. "ಐದಕ್ಕೆ ಎದ್ದು ಅಭ್ಯಾಸಕ್ಕೆ ಕೂರ್ತೀನಿ. ಕೆಳಗೆ ಕಬ್ಬಿಣದ ಸದ್ದು. ಕಿರ್ ಅಂತ ಒಂದು ಸಲ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಆತುರವೇ ಇಲ್ಲ. ತಾಳ ತಪ್ಪದ ಕೈ. ರಿಪೇರಿ ಅಂದ್ಕೊಂಡು ಸುಮ್ಮನಾದೆ."

"ಅಷ್ಟೇನಾ?"

"ಇನ್ನೊಂದಿದೆ. ನಡುನಡುವೆ ಮೂಗು ಎಳೆದುಕೊಳ್ಳೋ ಸದ್ದು. ನನ್ನ ಕಿವಿ ಸುಳ್ಳು ಹೇಳಲ್ಲ ತಾಯಿ. ನಿಮ್ಮ ಕಳ್ಳ ಅಳ್ತಾ ಇದ್ದ."

ಅಂಚೆಯಮ್ಮ ಮೆಟ್ಟಿಲಿಳಿಯುತ್ತಾ ಎರಡು ಸಲ ನಿಂತರು. ಅಳುವ ಕಳ್ಳ. ಎಡ ಬಲ ಬಲ್ಲ ಕಳ್ಳ. ಕದ್ದ ಮೇಲೆ ತೂತಿಗೆ ಬಟ್ಟೆ ತುರುಕಿಹೋಗುವ ಕಳ್ಳ. ತಲೆಬುಡ ಒಂದೂ ಹತ್ತಲಿಲ್ಲ.

*

ಮಧ್ಯಾಹ್ನ ಮನೆಯಲ್ಲಿ ಚಹಾ ಮಾಡಿಕೊಂಡರು. ಯೋಚನೆಯಲ್ಲಿ ಲೋಟವನ್ನು ಬರಿಗೈಯಲ್ಲಿ ಎತ್ತಿ, ಬೆರಳು ಸುಟ್ಟು, ಅಮ್ಮಾ ಎಂದು ಕೈಬಿಟ್ಟರು. ಚಹಾ ನೆಲದ ಪಾಲಾಯಿತು. ಲೋಟ ಉರುಳಿ ಬಾಗಿಲ ಬಳಿ ಹೋಗಿ ನಿಂತಿತು.

ಅಂಚೆಯಮ್ಮ ಅದನ್ನು ಎತ್ತಿಕೊಳ್ಳಲು ಹೋಗಲಿಲ್ಲ. ನೋಡುತ್ತಲೇ ನಿಂತರು.

ದುಡಿದ ಕೈಯಂತೆ! ತಾತನ ಅದೇ ಕೈ ಕಳೆದ ವರ್ಷ ಬಿಸಿ ಲೋಟಕ್ಕೆ ಟವೆಲ್ ಸುತ್ತಿಕೊಳ್ಳುತ್ತಿತ್ತು. ಗೆರೆಗೆರೆಯ ಹಳೇ ಟವೆಲ್. ಮಳೆಗಾಲದಲ್ಲಿ ಅಂಚೆ ಸೈಕಲ್ಲನ್ನು ರಿಪೇರಿಗೆ ಬಿಟ್ಟಾಗಲೆಲ್ಲ ನೀರು, ಧೂಳು ಹೋಗದಿರಲೆಂದು ಬಿಚ್ಚಿದ ಪ್ರತಿ ತೂತಿಗೂ ಬಟ್ಟೆಯ ಸುರುಳಿ ತುರುಕುತ್ತಿದ್ದವರು ಯಾರು?

ಲಕೋಟೆಯನ್ನು ಮೇಜಿನ ಮೇಲೆ ಸುರಿದರು. ಪೆಡಲ್ ಬಿಚ್ಚಿದರೆ ಲೋಹ ಹೀಗೆ ಚೂರಾಗಿ ಉದುರುವುದಿಲ್ಲ. ಒತ್ತಾಯದಿಂದ ತುರುಕಿದರೆ ಉದುರುತ್ತದೆ, ಕ್ರ್ಯಾಂಕೂ ಹಾಳಾಗುತ್ತದೆ.

ಅಂಚೆಯಮ್ಮ ಚೂರುಗಳನ್ನು ಮತ್ತೆ ಲಕೋಟೆಗೆ ತುಂಬಿದರು. ಚಪ್ಪಲಿ ಮೆಟ್ಟಿಕೊಂಡು ಹೊರಟರು.

*

ಮಹಡಿ ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿ. ಟ್ಯೂಬುಗಳು, ರಿಮ್ಮುಗಳು, ಗ್ರೀಸಿನ ವಾಸನೆ. ಪಂಚರ್ ತಾತ ಆಗತಾನೇ ಎಲ್ಲಿಂದಲೋ ಬಂದು ಬೆವರು ಒರೆಸಿಕೊಳ್ಳುತ್ತಿದ್ದರು.

ಅಂಚೆಯಮ್ಮ ಸ್ಟೂಲು ಎಳೆದು ಕೂತರು. "ಮೂರು ಸೈಕಲ್ಲಿಗೆ ಕ್ರ್ಯಾಂಕ್ ಸಿಕ್ತಾ ಅಣ್ಣ?"

ಟವೆಲ್ ಹಿಡಿದ ಕೈ ಹಾಗೇ ನಿಂತಿತು.

"ಯಾರು ಹೇಳಿದ್ರು ನಿಂಗೆ?"

"ನೀವೇ ಹೇಳಿದ್ರಿ. ಬಾಯಲ್ಲಿ ಹೇಳಲಿಲ್ಲ ಅಷ್ಟೆ."

ತಾತ ಟವೆಲ್ ಹೆಗಲಿಗೆ ಹಾಕಿಕೊಂಡರು. ಆಮೇಲೆ ಬೆಂಚಿನ ಕೆಳಗಿನಿಂದ ಒಂದು ಡಬ್ಬ ಎಳೆದರು. ಒಳಗೆ ಒಂಬತ್ತು ಜೊತೆ ಪೆಡಲು, ಒರೆಸಿ, ಗ್ರೀಸ್ ಹಚ್ಚಿ, ದಾರದಲ್ಲಿ ಜೊತೆ ಜೊತೆಯಾಗಿ ಕಟ್ಟಿದ್ದವು. ಇನ್ನು ಮೂರು ಜೊತೆ ಬೇರೆ ಚೀಲದಲ್ಲಿ.

"ಸಿಗಲಿಲ್ಲ ತಂಗಿ. ಊರೆಲ್ಲಾ ಸುತ್ತಿದೆ. ಆ ಅಳತೆದು ಬರೋದು ಬುಧವಾರ ಅಂತೆ."

"ಎಷ್ಟು ದಿನದಿಂದ ಬೆರಳಿಗೆ ಗೊತ್ತಾಗ್ತಿಲ್ಲ?"

"ಐದಾರು ತಿಂಗಳಾಯ್ತು." ತಾತ ಎರಡೂ ಕೈ ಮುಂದೆ ಚಾಚಿ, ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದರು. "ಪೆಡಲಿನ ತುದೀಲಿ ಎಡ ಬಲ ಅಂತ ಸಣ್ಣ ಅಕ್ಷರ ಇರತ್ತೆ. ಐವತ್ತು ವರ್ಷದಲ್ಲಿ ನಾನು ಅದನ್ನ ಓದಿದವನಲ್ಲ. ಬೆರಳಿಗಿಟ್ಟು ಅರ್ಧ ಸುತ್ತು ತಿರುಗಿಸಿದ್ರೆ ಇದು ಎಡದ್ದು, ಇದು ಬಲದ್ದು ಅಂತ ಬೆರಳೇ ಹೇಳೋದು. ಶುಕ್ರವಾರ ಬೆರಳು ಏನೂ ಹೇಳಲಿಲ್ಲ. ನಾನು ಕೇಳದೇ ಪಾನಾ ಹಾಕಿ ಬಿಗಿದೆ. ಮೂರು ಜೊತೆ ಅದಲು ಬದಲಾಗಿತ್ತು. ಬಿಗಿ ಇದೆ ಅನ್ನಿಸ್ತು, ತುಕ್ಕು ಅಂದ್ಕೊಂಡೆ. ಕ್ರ್ಯಾಂಕಿನ ಒಳಗಿನ ತಿರುಪಿನ ಗೆರೆ, ಥ್ರೆಡ್ಡೆಲ್ಲ ಕಿತ್ತುಬಂದಿದೆ."

"ಗೊತ್ತಾಗಿದ್ದು ಯಾವಾಗ?"

"ನಿದ್ದೆ ಬರಲಿಲ್ಲ. ಐದಕ್ಕೆ ಹೋಗಿ ಒಂದೊಂದನ್ನೇ ಅಂಗೈಯಲ್ಲಿ ಒತ್ತಿ ನೋಡಿದೆ. ಏಳನೇ ನಂಬರು ವಾಲಿಕೊಳ್ತು."

ಏಳನೇ ನಂಬರು ಗುಬ್ಬಿಯ ಸೈಕಲ್.

ಅಂಗಳದ ಇಳಿಜಾರಿನಲ್ಲಿ ಪೆಡಲ್ ಮೇಲೆ ಎದ್ದು ನಿಲ್ಲುವ ಆರು ವರ್ಷದ ಮಗು ಇಬ್ಬರ ಕಣ್ಣಿಗೂ ಕಟ್ಟಿತ್ತು.

"ಮೂರನ್ನೇ ಬಿಚ್ಚಬಹುದಿತ್ತಲ್ಲ ಅಣ್ಣ?"

"ಉಳಿದ ಒಂಬತ್ತು ಸರಿ ಇದೆ ಅಂತ ಹೇಳಬೇಕಾದ್ದು ಇದೇ ಕೈ. ಇದನ್ನ ಹೇಗೆ ನಂಬಲಿ?" ತಾತ ಡಬ್ಬದ ಮುಚ್ಚಳ ಹಾಕಿದರು. "ನಿಜ ಹೇಳಿದ್ರೆ ನೀನು ಬೈತಿರಲಿಲ್ಲ, ಗೊತ್ತು. ಪಾಪ ಅಂದುಬಿಡ್ತಿದ್ದೆ. ಮನೇಲಿರಿ ಅಣ್ಣ, ರೆಸ್ಟ್ ತಗೊಳ್ಳಿ ಅಂತಿದ್ದೆ. ಶನಿವಾರ ಭಾನುವಾರನೂ ಹೋದ್ರೆ ನನಗೆ ಉಳಿಯೋದು ಏನು? ಕಳ್ಳತನ ಅಂದ್ರೆ ಒಂದು ದಿನ ಸಿಗತ್ತೆ, ಹೊಸ ಕ್ರ್ಯಾಂಕ್ ತಂದು ಹಾಕಿ, ಎಲ್ಲೋ ಸಿಕ್ತು ಅಂತ ಹೇಳೋಣ ಅಂದ್ಕೊಂಡೆ. ಆ ಮಗು ತಾನೇ ಕಳ್ಳಿ ಅಂತ ಅತ್ತಾಗ ಭೂಮಿ ಬಾಯಿಬಿಡಬಾರದೇ ಅನ್ನಿಸ್ತು."

"ಪಿಟೀಲು ಮೇಷ್ಟ್ರಲ್ಲ ಅಂತ ಅದಕ್ಕೇ ಗೊತ್ತಿತ್ತು ನಿಮಗೆ."

"ಹೂಂ. ನಂದು ಕೆಟ್ಟ ಕಳ್ಳತನ. ನನ್ನ ಪಾಪ ಇನ್ನೊಬ್ಬರ ತಲೆಗೆ ಕಟ್ಟೋಕೂ ಬರಲಿಲ್ಲ."

ಅಂಚೆಯಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು.

"ಈಗ ನಾನು ಹೇಳೋದು ಕೇಳಿ. ಮೂವತ್ತೈದು ವರ್ಷದ ಹಿಂದೆ ಒಬ್ಬಳು ಹುಡುಗಿ ಅಂಚೆ ಕೆಲಸಕ್ಕೆ ಅರ್ಜಿ ಹಾಕಿದ್ಳು. ಸೈಕಲ್ ಬರತ್ತಾ ಅಂತ ಕೇಳಿದ್ರು. ಬರತ್ತೆ ಅಂದ್ಳು. ಶುದ್ಧ ಸುಳ್ಳು. ಅಪ್ಪ ಹಾಸಿಗೆ ಹಿಡಿದಿದ್ರು, ಕೆಲಸ ಬೇಕಿತ್ತು. ಎಂಟು ದಿನ ಸಮಯ. ನಿಮ್ಮ ಅಂಗಡಿಗೆ ಬಂದು ಅತ್ತಳು. ನೀವು ಏನು ಮಾಡಿದ್ರಿ?"

ತಾತನ ಮುಖದಲ್ಲಿ ಸಣ್ಣ ನಗು ಬಂತು. "ಪೆಡಲ್ ಬಿಚ್ಚಿದೆ."

"ಪೆಡಲ್ ಬಿಚ್ಚಿದ್ರಿ. ಬೆಳಗಾಗ್ತಾ ಬೀದೀಲಿ ಓಡಿಸಿದ್ರಿ. ಎಂಟನೇ ದಿನ ಚೀಲ ಹೊತ್ಕೊಂಡು ಹೊರಟೆ. ಇವತ್ತಿನವರೆಗೆ ಆ ಮಾತು ಯಾರಿಗೂ ಹೇಳಿಲ್ಲ ನೀವು. ನಾನು ತಿಂದ ಅನ್ನ, ಮಕ್ಕಳನ್ನ ಓದಿಸಿದ್ದು, ಈ ಕ್ಲಬ್ಬು, ಎಲ್ಲಾ ಆ ಎಂಟು ದಿನದ್ದು. ಅದಕ್ಕೆ ಒಂದು ದಿನವೂ ಥ್ಯಾಂಕ್ಸ್ ಅಂದಿಲ್ಲ ನಾನು, ಪೆದ್ದಿ. ಇವತ್ತು ಅಂತೀನಿ. ಅದಕ್ಕೂ ಥ್ಯಾಂಕ್ಸ್, ಈ ಕಳ್ಳತನಕ್ಕೂ ಥ್ಯಾಂಕ್ಸ್. ನೀವು ಕದಿಯದೇ ಇದ್ದಿದ್ರೆ ಇವತ್ತು ನಾನು ಗುಬ್ಬೀನ ಎತ್ಕೊಂಡು ಆಸ್ಪತ್ರೆಗೆ ಓಡ್ತಿದ್ದೆ."

ಪಂಚರ್ ತಾತ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

"ಅಳೋದು ಸಾಕು. ಸೋಮವಾರ ಡಾಕ್ಟರ್ ಹತ್ರ ಹೋಗೋಣ. ನಾಳೆ ಬೆಳಿಗ್ಗೆ ಆರಕ್ಕೆ ಡಬ್ಬ ತಗೊಂಡು ಬನ್ನಿ. ನಿಮ್ಮ ಬೆರಳಿಗೆ ಗೊತ್ತಾಗದಿದ್ರೆ ಬೇಡ. ಇಪ್ಪತ್ತನಾಲ್ಕು ಪುಟ್ಟ ಕೈ ಇದೆ ನಮ್ಮ ಹತ್ರ."

*

ಭಾನುವಾರ ಎಂಟು ಗಂಟೆಗೆ ಸರಿಯಾಗಿ ಆಫೀಸರಮ್ಮ ಬಂದರು. ಕೈಯಲ್ಲಿ ಫೈಲು, ಮುಖದಲ್ಲಿ ನಗುವಿಲ್ಲ.

ಒಂಬತ್ತು ಸೈಕಲ್ಲಿಗೆ ಪೆಡಲಿತ್ತು. ಮೂರಕ್ಕೆ ಇರಲಿಲ್ಲ.

"ಇವು ಯಾಕೆ ಹೀಗೆ?"

ಅಂಚೆಯಮ್ಮ ಬಾಯಿ ತೆರೆಯುವಷ್ಟರಲ್ಲಿ ಪಂಚರ್ ತಾತ ಮುಂದೆ ಬಂದರು. ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದರೋ ಏನೋ, ಎಲ್ಲವೂ ಮರೆತುಹೋಗಿತ್ತು.

"ನನ್ನ ತಪ್ಪು ಮೇಡಂ. ಪೆಡಲು ಅದಲು ಬದಲಾಗಿ ಹಾಕಿ ಮೂರು ಸೈಕಲ್ ಕೆಡಿಸಿದೆ. ಆಮೇಲೆ ಹೇಳೋಕೆ ಹೆದರಿ ಎಲ್ಲಾ ಪೆಡಲೂ ಕದ್ದೆ. ಮಕ್ಕಳೇ, ಕಳ್ಳ ನಾನೇ. ಗುಬ್ಬಿ, ನೀನಲ್ಲಮ್ಮ."

ತಾತನನ್ನು ಒಂಟಿಯಾಗಿ ನಿಲ್ಲಿಸಲು ಅಂಚೆಯಮ್ಮನಿಗೆ ಮನಸ್ಸಾಗಲಿಲ್ಲ.

"ಇವರು ಒಂದು ಹೇಳಿದ ಮೇಲೆ ನಂದೂ ಒಂದಿರಲಿ," ಅಂದರು. "ಅಂಚೆ ಕೆಲಸ ಸಿಕ್ಕಿದ ದಿನ ನನಗೆ ಸೈಕಲ್ ಹೊಡೆಯೋಕೆ ಬರ್ತಾನೇ ಇರಲಿಲ್ಲ. ಸುಳ್ಳು ಹೇಳಿದ್ದೆ. ಕಲಿಸಿದ್ದು ಇವರು."

ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು. ತಾತನ ಕಳ್ಳತನಕ್ಕಿಂತ ಇದು ದೊಡ್ಡ ಸುದ್ದಿಯಾಗಿತ್ತು.

ಆಫೀಸರಮ್ಮ ಇಬ್ಬರನ್ನೂ ನೋಡಿ ಫೈಲು ಕಂಕುಳಿಗೆ ಸಿಕ್ಕಿಸಿಕೊಂಡರು. "ಅದೆಲ್ಲ ಆಮೇಲೆ. ಈ ಒಂಬತ್ತನ್ನು ಯಾರು ಪರೀಕ್ಷೆ ಮಾಡಿದ್ದು?"

"ನಾವು!" ಹನ್ನೆರಡು ಕೈ ಮೇಲೆದ್ದವು.

"ನೀವಾ?"

"ತಾತ ಹೇಳಿಕೊಟ್ರು. ಮೊದಲು ಅಕ್ಷರ ಓದಬೇಕು. ಆಮೇಲೆ ಬೆರಳಲ್ಲೇ ತಿರುಗಿಸಬೇಕು, ಪಾನಾ ಮುಟ್ಟಬಾರದು. ಬೆರಳಲ್ಲಿ ಸಲೀಸಾಗಿ ಹೋಗದಿದ್ರೆ ನಿಲ್ಲಿಸಬೇಕು," ಅಂದಳು ಗುಬ್ಬಿ ಒಂದೇ ಉಸಿರಲ್ಲಿ. "ಆಮೇಲೆ ಬಿಗಿ ಮಾಡಿ ಅಂಚೆ ಅಜ್ಜಿ ಅದರ ಮೇಲೆ ನಿಂತ್ಕೊಳ್ತಾರೆ."

ಆಫೀಸರಮ್ಮ ಚಪ್ಪಲಿ ಬಿಚ್ಚಿದರು. ಒಂದೊಂದು ಸೈಕಲ್ಲನ್ನೂ ಅಂಚೆಯಮ್ಮನ ಕೈಗೆ ಹಿಡಿಸಿ, ಹದಿನೆಂಟು ಪೆಡಲಿನ ಮೇಲೂ ಒಂದು ಕಾಲಿಟ್ಟು ಮೈಭಾರವೆಲ್ಲ ಬಿಟ್ಟರು. ಒಂದೂ ಅಲುಗಲಿಲ್ಲ.

"ಪ್ರತಿ ವಾರ ಹೀಗೇ ನೋಡಬೇಕು. ನೋಡಿದ ಮಕ್ಕಳ ಹೆಸರು ಬೋರ್ಡಿನ ಮೇಲೆ ಬರೀಬೇಕು," ಎಂದು ಫೈಲು ಬಿಚ್ಚಿದರು. "ಬಾಗಿಲ ಮೇಲಿನ ಬೀಗದ ನಂಬರ್ ಮಾತ್ರ ಇವತ್ತೇ ಅಳಿಸಿ. ನಾಚಿಕೆಗೇಡು." ಸಹಿ ಹಾಕಿದರು.

ಕೇಕೆಯೋ ಕೇಕೆ. ಒಂಬತ್ತು ಸೈಕಲ್ಲಿನಲ್ಲಿ ಹನ್ನೆರಡು ಮಕ್ಕಳು ಸರದಿ ಹಾಕಿಕೊಂಡವು. ಗುಬ್ಬಿ ಐದನೇ ನಂಬರಿನ ಹತ್ತಿರ ಹೋಗಿ ನಿಂತಳು.

"ಭಯ ಆದ್ರೆ ಬೇಡ ಪುಟ್ಟಿ. ಮುಂದಿನ ವಾರ ನೋಡೋಣ," ಅಂದರು ಅಂಚೆಯಮ್ಮ.

"ಇದನ್ನ ಹಾಕಿದ್ದು ನಾನೇ. ಬೀಳಲ್ಲ."

ಹತ್ತಿದಳು. ವಾಲಿದಳು. ಕಾಲೂರಿದಳು. ಮತ್ತೆ ಹತ್ತಿ ತುಳಿದೇಬಿಟ್ಟಳು. ಅಂಗಳದ ಆ ತುದಿಗೆ ಮುಟ್ಟಿದವಳೇ ಬೆಲ್ ಬಾರಿಸಿದಳು, ನಿಲ್ಲಿಸದೇ ಬಾರಿಸಿದಳು. ಮೇಲಿನ ಕಿಟಕಿ ತೆರೆಯಿತು.

"ಅಪಸ್ವರ!" ಎಂದು ಕೂಗಿದರು ಪಿಟೀಲು ಮೇಷ್ಟ್ರು. ಆಮೇಲೆ ಕಮಾನನ್ನು ಕಂಕುಳಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದರು.

ಗುಬ್ಬಿಯ ಅಮ್ಮ ಜನರ ನಡುವೆ ದಾರಿ ಮಾಡಿಕೊಂಡು ಪಂಚರ್ ತಾತನ ಮುಂದೆ ಬಂದು ನಿಂತರು. ದಿನವಿಡೀ ಬಸ್ಸಿನ ಸ್ಟಿಯರಿಂಗ್ ತಿರುಗಿಸುವ ಗಟ್ಟಿ ಕೈ ಅವರದು. ಆ ಕೈಯಲ್ಲಿ ತಾತನ ಎರಡೂ ಕೈ ಹಿಡಿದುಕೊಂಡರು.

"ಏಳನೇ ನಂಬರು ನನ್ನ ಮಗಳದ್ದು ತಾತ," ಅಂದರು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತು, ಕಣ್ಣೊರೆಸಿಕೊಂಡು ಮಗಳ ಕಡೆ ಓಡಿದರು.

ಅಂಚೆಯಮ್ಮ ಚಹಾದ ಲೋಟಕ್ಕೆ ಕರ್ಚೀಫ್ ಸುತ್ತಿ ತಂದಾಗ ತಾತ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು.

"ಏನಾಯ್ತಣ್ಣ?"

"ಜೋರಾಗಿ ಹಿಡ್ಕೊಂಡ್ಳು," ಅಂದರು ಪಂಚರ್ ತಾತ. "ಬೆರಳಿಗೆ ಗೊತ್ತಾಯ್ತು ತಂಗಿ. ಗೊತ್ತಾಯ್ತು."